ಹತ್ತು ಗಂಟೆಯ ಟೀ

ನನಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟವಿದೆ ಎಂದು ನನ್ನ ಗಂಡ ಗುರುಮೂರ್ತಿ ಹೇಳುತ್ತಾರೆ. ಇರಲಿ ಬಿಡಿ. ಕಂಪನಿಯವರು ನನಗೆ ಸಂಬಳ ಕೊಡುವುದೂ ಅದಕ್ಕೇ. ಹರಿಹರದ ಆಚೆ ಇರುವ ನಮ್ಮ ಕಾರ್ಖಾನೆಯಲ್ಲಿ ಮೂರು ಸಾವಿರ ಜನ ಕೆಲಸ ಮಾಡುತ್ತಾರೆ. ಲಾರಿ, ಟ್ರ್ಯಾಕ್ಟರುಗಳಿಗೆ ಬೇಕಾದ ಶಾಫ್ಟುಗಳು ಅಲ್ಲಿ ತಯಾರಾಗುತ್ತವೆ. ನಾನು ಅಲ್ಲಿ ವೈವಿಧ್ಯ ವಿಭಾಗದ ಮುಖ್ಯಸ್ಥೆ. ಹಾಗೆಂದರೇನು ಎಂದು ಎಸ್.ಎಸ್. ಬಡಾವಣೆಯ ನಮ್ಮ ಪಕ್ಕದ ಮನೆಯವರು ಮೂರು ಸಲ ಕೇಳಿದ್ದಾರೆ. ಗಂಡಸರೇ ತುಂಬಿರುವ ಕಡೆ ಹೆಂಗಸರನ್ನು ಸೇರಿಸುವುದು, ಕಿವಿ ಕೇಳದವರಿಗೆ, ಕಾಲು ಸರಿಯಿಲ್ಲದವರಿಗೆ ಹೊಂದುವ ಕೆಲಸ ಹುಡುಕುವುದು, ಸೇರಿದವರು ಓಡಿಹೋಗದ ಹಾಗೆ ನೋಡಿಕೊಳ್ಳುವುದು ಎಂದು ವಿವರಿಸಿದೆ. "ಓ, ಮದುವಿ ಬ್ರೋಕರ್ ಕೆಲ್ಸ ಇದ್ದಂಗೆ" ಅಂದರು. ನಾನು ಗೇಟು ಹಾಕಿಕೊಂಡು ಒಳಗೆ ಬಂದೆ.

ಎರಡು ವರ್ಷದ ಹಿಂದೆ ನಮ್ಮ ಮೆಷಿನ್ ಶಾಪಿಗೆ, ಅಂದರೆ ಶಾಫ್ಟು ಕೊರೆಯುವ ಯಂತ್ರಗಳ ವಿಭಾಗಕ್ಕೆ, ಮೊದಲ ಬಾರಿಗೆ ಇಪ್ಪತ್ತನಾಲ್ಕು ಹೆಂಗಸರನ್ನು ತೆಗೆದುಕೊಂಡೆವು. ಅದಕ್ಕಾಗಿ ನಾನು ಮಾಡಿದ ಜಗಳ ಒಂದೆರಡಲ್ಲ. ಎಲ್ಲರೂ ಆಪರೇಟರುಗಳು. ಮೆಷಿನ್ನಿಗೆ ಪೀಸು ಹಾಕುವುದು, ಗುಂಡಿ ಒತ್ತುವುದು, ಆದ ಪೀಸು ತೆಗೆಯುವುದು, ಇಷ್ಟು ಅವರ ಕೆಲಸ. ಅದಕ್ಕಿಂತ ಮೇಲಿನವನು ಸೆಟ್ಟರ್. ಮೆಷಿನ್ನಿಗೆ ಅಳತೆ ಕೂರಿಸುವುದು, ಅದು ಹಟ ಹಿಡಿದರೆ ಯಾಕೆ ಎಂದು ಕಂಡುಹಿಡಿಯುವುದು ಸೆಟ್ಟರಿನ ಜವಾಬ್ದಾರಿ. ಸೆಟ್ಟರ್ ಆಗಲು ಎರಡು ಪರೀಕ್ಷೆ. ಒಂದು ಬರೆಯುವುದು. ಇನ್ನೊಂದರಲ್ಲಿ ಪರೀಕ್ಷಕರು ಮೆಷಿನ್ನಿನಲ್ಲಿ ಗುಟ್ಟಾಗಿ ಏನೋ ಒಂದು ಕೆಡಿಸಿಟ್ಟಿರುತ್ತಾರೆ. ನಲವತ್ತು ನಿಮಿಷದೊಳಗೆ ಅದನ್ನು ಹುಡುಕಿ, ಸರಿಮಾಡಿ, ಹತ್ತು ಸರಿಯಾದ ಪೀಸು ತೆಗೆದುಕೊಡಬೇಕು.

ಈ ವರ್ಷ ಆರು ಹೆಂಗಸರು ಪರೀಕ್ಷೆಗೆ ಕೂತರು. ಬರೆಯುವುದರಲ್ಲಿ ಎಲ್ಲರೂ ಪಾಸು. ಸಾರಥಿ ಊರಿನ ಸುಷ್ಮಾ ನೂರಕ್ಕೆ ತೊಂಬತ್ತನಾಲ್ಕು ತೆಗೆದು ಇಡೀ ಶಾಪಿಗೇ ಮೊದಲು ಬಂದಿದ್ದಳು. ಮೆಷಿನ್ ಪರೀಕ್ಷೆಯಲ್ಲಿ ಆರಕ್ಕೆ ಆರೂ ಫೇಲು! ಅದೇ ಪರೀಕ್ಷೆಗೆ ಹನ್ನೊಂದು ಜನ ಗಂಡಸರು ಕೂತಿದ್ದರು, ಅದರಲ್ಲಿ ಒಂಬತ್ತು ಜನ ಪಾಸು. ಬರೆಯುವುದರಲ್ಲಿ ಐವತ್ತು ಅಂಕ ದಾಟಲು ತಿಣುಕಿದ ಯೋಗರಾಜ ಕೂಡ ಮೆಷಿನ್ನಿನ ಮುಂದೆ ಹನ್ನೆರಡು ನಿಮಿಷದಲ್ಲಿ ತಪ್ಪು ಹಿಡಿದಿದ್ದ.

ಸುಷ್ಮಾ ನನ್ನ ಕೋಣೆಗೆ ಬಂದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಐ.ಟಿ.ಐ. ಮಾಡಿದವಳು, ಮಾತು ಕಡಿಮೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಇನ್ನೊಂದೇ ಚಾನ್ಸ್ ಐತೆ ಮೇಡಂ. ಇಪ್ಪತ್ತನೇ ತಾರೀಖು. ಅದ್ರಾಗೂ ಹೋದ್ರೆ ಪ್ಯಾಕಿಂಗ್‌ಗೆ ಹಾಕ್ತಾರಂತೆ."

"ಪ್ಯಾಕಿಂಗ್ ಏನು ಕೆಟ್ಟ ಕೆಲಸ ಅಲ್ಲಮ್ಮ" ಅಂದೆ. ಸಮಾಧಾನಕ್ಕೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ರಟ್ಟಿನ ಡಬ್ಬಿ ಅಂಟ್ಸಾಕೆ ನಾನು ಎರಡು ವರ್ಷ ಫಿಟ್ಟರ್ ಓದ್ಲಿಲ್ಲ ಮೇಡಂ. ಆ ಮೆಷಿನ್ ನನ್ನ ಮಾತು ಕೇಳ್ಬೇಕು. ಯಾಕ ಕೇಳ್ಲಿಲ್ಲ ಅಂತ ಗೊತ್ತಾಗ್ಬೇಕು, ಅಷ್ಟೇ."

ಈ 'ಯಾಕ' ಎಂಬುದು ನನ್ನ ತಲೆಗೂ ಹೊಕ್ಕಿತು. ಅಂದಿನಿಂದ ಇಪ್ಪತ್ತನೇ ತಾರೀಖಿಗೆ ಮೂರು ವಾರ ಇತ್ತು.

ಪರೀಕ್ಷೆಯ ಹಾಳೆಗಳನ್ನೆಲ್ಲ ತರಿಸಿ ನೋಡಿದೆ. ಸುಷ್ಮಾಳ ಮೆಷಿನ್ನಿನಲ್ಲಿ ಕೆಡಿಸಿಟ್ಟಿದ್ದು ಇಷ್ಟೇ: ಪೀಸನ್ನು ಕಚ್ಚಿ ಹಿಡಿಯುವ ಚಕ್ಕಿನ ಹಲ್ಲಿನ ಹಿಂದೆ ಒಂದು ಕಬ್ಬಿಣದ ಚೂರು ಸಿಕ್ಕಿಸಿದ್ದರು. ಪೀಸು ಓರೆಯಾಗಿ ತಿರುಗುತ್ತಿತ್ತು. ಆಕೆ ನಲವತ್ತು ನಿಮಿಷ ಮೆಷಿನ್ನಿನ ಕಂಪ್ಯೂಟರಿನ ಲೆಕ್ಕಾಚಾರವನ್ನೇ ತಡಕಿದ್ದಳು. ಯೋಗರಾಜನಿಗೂ ಅದೇ ತಪ್ಪು ಬಂದಿತ್ತು, ಅವನು ಸೀದಾ ಹೋಗಿ ಆ ಹಲ್ಲು ಬಿಚ್ಚಿದ್ದ.

ಅವನನ್ನು ಕರೆಸಿದೆ. "ಅಲ್ಲಿ ಚೂರು ಇರುತ್ತೆ ಅಂತ ನಿನಗೆ ಯಾರಪ್ಪ ಹೇಳಿಕೊಟ್ಟರು?"

"ಯಾರೂ ಹೇಳ್ಕೊಟ್ಟಿಲ್ಲ ಮೇಡಂ. ಗೊತ್ತಿರ್ತೈತೆ."

"ಹೆಂಗೆ ಗೊತ್ತಿರುತ್ತೆ?"

"ಹಂಗೇ."

ಒಂಬತ್ತು ಜನರನ್ನೂ ಕೇಳಿದೆ. ಒಂಬತ್ತು ಜನರೂ "ಹಂಗೇ" ಅಂದರು. ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಇದರ ಹಿಂದೆ ಸಣ್ಣಬೀರಪ್ಪ ಇದ್ದಾನೆ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ. ಸಣ್ಣಬೀರಪ್ಪ ಎಂದರೆ ಮೆಷಿನ್ ಶಾಪಿನ ಉಸ್ತಾದ್. ಮೂವತ್ತೈದು ವರ್ಷ ಸರ್ವಿಸು, ಮುಂದಿನ ವರ್ಷ ನಿವೃತ್ತಿ. ನಮ್ಮ ಹೆಣ್ಣುಮಕ್ಕಳು ಎದುರಿಗೆ ಬಂದರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ಹೋಗುವ ಮನುಷ್ಯ. ಒಂದು ದಿನವೂ ಅವರ ಜೊತೆ ಎರಡು ಮಾತಾಡಿದ್ದು ನಾನು ಕಂಡಿಲ್ಲ. ಇವನೇ ಗಂಡಸರಿಗೆ ಒಳಗೊಳಗೆ ಹೇಳಿಕೊಟ್ಟು ಹೆಂಗಸರಿಗೆ ಬಾಯಿ ಬಿಡುತ್ತಿಲ್ಲ, ಮುದುಕಪ್ಪನಿಗೆ ಎಷ್ಟು ಹೊಟ್ಟೆಕಿಚ್ಚು ನೋಡು ಅಂದುಕೊಂಡೆ.

ಎಲ್ಲಿ, ಯಾವಾಗ ಹೇಳಿಕೊಡುತ್ತಾನೆ ಎಂದು ಪತ್ತೆ ಮಾಡಲು ಒಂದು ವಾರ ಶಾಪಿನೊಳಗೆ ಸುತ್ತಿದೆ. ಬೆಳಗ್ಗೆ ಎಂಟಕ್ಕೆ ಹೋದೆ, ಮಧ್ಯಾಹ್ನ ಹೋದೆ, ಪಾಳಿ ಬಿಡುವಾಗ ಹೋದೆ. ಎಲ್ಲರೂ ತಂತಮ್ಮ ಮೆಷಿನ್ನಿನ ಮುಂದೆ ತೆಪ್ಪಗೆ ನಿಂತಿರುತ್ತಿದ್ದರು. ನಾನು ಹೋಗದೆ ಉಳಿದಿದ್ದ ಹೊತ್ತು ಒಂದೇ, ಬೆಳಗಿನ ಹತ್ತು ಗಂಟೆ. ಯಾಕೆಂದರೆ ಹತ್ತು ಗಂಟೆಗೆ ನಾನು 'ನೆರಳು' ಕೊಠಡಿಯಲ್ಲಿ ಇರುತ್ತಿದ್ದೆ.

ನೆರಳು ನನ್ನ ಹೆಮ್ಮೆ. ಹೆಂಗಸರು ಸೇರಿದ ಮೊದಲ ತಿಂಗಳು ಓಬಕ್ಕ ಎಂಬಾಕೆ ಶಾಪಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಟೀ ಕುಡಿಯುವುದನ್ನು ನೋಡಿದೆ. ಆ ವಾರವೇ ಮ್ಯಾನೇಜರ್ ರವಿಚಂದ್ರ ಅವರ ಪ್ರಾಣ ತಿಂದು, ಕಚೇರಿ ಕಟ್ಟಡದ ಹಿಂದೆ ಹೆಂಗಸರಿಗೆಂದೇ ಒಂದು ಕೊಠಡಿ ಮಾಡಿಸಿದೆ. ಸೋಫಾ, ಫ್ಯಾನು, ಒಳಗೇ ಬಚ್ಚಲು, ಒಳಗಿನಿಂದ ಚಿಲಕ. ಹತ್ತು ಗಂಟೆಗೆ ಅವರ ಟೀ ಅಲ್ಲಿಗೇ ಫ್ಲಾಸ್ಕಿನಲ್ಲಿ ಬರುವ ಹಾಗೆ ಮಾಡಿದೆ. ನಾನೂ ದಿನಾ ಹೋಗಿ ಅವರ ಜೊತೆ ಕೂತು ಕುಡಿಯುತ್ತಿದ್ದೆ. ಮುಖ್ಯ ಕಚೇರಿಯವರಿಗೆ ಅದು ಎಷ್ಟು ಹಿಡಿಸಿತೆಂದರೆ, ಕಂಪನಿಯ ಉಳಿದ ಐದು ಕಾರ್ಖಾನೆಗಳಲ್ಲೂ ಅಂಥದೇ ಕೊಠಡಿ ಮಾಡುವುದಾಗಿಯೂ, ನಮಗೆ ಈ ವರ್ಷದ ಪ್ರಶಸ್ತಿ ಕೊಡುವುದಾಗಿಯೂ ತಿಳಿಸಿದ್ದರು. ನೋಡಲು ಬರುವ ದಿನ ಇಪ್ಪತ್ತನೇ ತಾರೀಖು.

ಸುತ್ತಾಟದ ವಾರ ಮುಗಿದ ಮೇಲಿನ ಬುಧವಾರ ನಾನು ನೆರಳಿಗೆ ಹೋಗಲಿಲ್ಲ. ಹತ್ತಕ್ಕೆ ಸೈರನ್ ಆಗುವಾಗ ನಾನು ಶಾಪಿನಲ್ಲೇ ನಿಂತಿದ್ದೆ. ಮೆಷಿನ್ನುಗಳು ಒಂದೊಂದಾಗಿ ನಿಂತವು. ಹೆಂಗಸರು ಸಾಲಾಗಿ ಹೊರಗೆ ಹೊರಟರು.

"ಮೇಡಂ, ಬರಲ್ವಾ?" ಎಂದು ಓಬಕ್ಕ ಕೇಳಿದಳು.

"ನೀವು ನಡೀರಿ, ಬಂದೆ."

ಅವರು ಹೋದ ಮೇಲೆ ಗಂಡಸರು ಟೀ ಲೋಟ ಹಿಡಿದು ಏಳನೇ ನಂಬರ್ ಮೆಷಿನ್ನಿನ ಪಕ್ಕ ಬೋರಲು ಹಾಕಿದ್ದ ಎಣ್ಣೆ ಡ್ರಮ್ಮಿನ ಸುತ್ತ ನೆರೆದರು. ಯಾರೋ ಮಂಡಕ್ಕಿ ಪೊಟ್ಟಣ ಬಿಚ್ಚಿದರು. ಸಣ್ಣಬೀರಪ್ಪ ಜೇಬಿನಿಂದ ಒಂದು ತುಂಡು ಸೀಮೆಸುಣ್ಣ ತೆಗೆದ.

"ಇವತ್ತು ಯಾರ್ದಪಾ?"

ಆವರಗೆರೆಯ ಸಿದ್ದು ಕೈ ಎತ್ತಿದ. "ನಂದು ಉಸ್ತಾದ್. ಬೆಳಿಗ್ಗಿಂದ ಪೀಸ್ ಮ್ಯಾಲೆ ಗೀರು ಬೀಳ್ತಾವೆ."

ಸಣ್ಣಬೀರಪ್ಪ ಡ್ರಮ್ಮಿನ ಮೇಲೆ ಚಿತ್ರ ಬರೆದ. ಇದು ಪೀಸು, ಇದು ಕೊರೆಯುವ ಟೂಲು, ಇದು ಇಲ್ಲಿ ನಡುಗಿದರೆ ಗೀರು ಹಿಂಗೆ ಬೀಳುತ್ತೆ, ಅಲ್ಲಿ ನಡುಗಿದರೆ ಹಂಗೆ. ನಿಂದು ಯಾವ ಥರ? ಇನ್ನೊಬ್ಬ ಅಡ್ಡ ಮಾತಾಡಿದ. ಮತ್ತೊಬ್ಬ ಹೋದ ವರ್ಷ ತನಗಾದದ್ದು ಹೇಳಿದ. ಯೋಗರಾಜ ಬಾಯಿ ತುಂಬಾ ಮಂಡಕ್ಕಿ ಇಟ್ಟುಕೊಂಡೇ ಬೆರಳಿನಿಂದ ಚಿತ್ರ ತಿದ್ದಿದ. ನಗು, ಬೈಗುಳ, ಚೇಷ್ಟೆ. ಹದಿನೈದು ನಿಮಿಷಕ್ಕೆ ಸೈರನ್ ಆಯಿತು. ಸಣ್ಣಬೀರಪ್ಪ ಬನೀನು ಬಟ್ಟೆಯಿಂದ ಡ್ರಮ್ಮು ಒರೆಸಿದ. ಎಲ್ಲರೂ ಮೆಷಿನ್ನಿಗೆ ಹೋದರು.

ಒಂಬತ್ತು ಜನರ "ಹಂಗೇ" ಅಂದರೆ ಇದು. ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಅದು ಪಾಠವೆಂದೇ ಗೊತ್ತಿರಲಿಲ್ಲ, ಟೀ ಎಂದುಕೊಂಡಿದ್ದರು.

ನಾನು ಮಾತ್ರ ಇನ್ನೂ ಸಿಟ್ಟಿನಲ್ಲೇ ಇದ್ದೆ. ಸಣ್ಣಬೀರಪ್ಪನನ್ನು ಅಡ್ಡಗಟ್ಟಿ ನಿಲ್ಲಿಸಿದೆ. "ಏನ್ರಿ ಉಸ್ತಾದ್, ಈ ಪಾಠ ಗಂಡಸರಿಗೆ ಮಾತ್ರನಾ? ಹೆಣ್ಣುಮಕ್ಕಳನ್ನ ಕರೆಯೋಕೆ ನಿಮಗೇನು ಧಾಡಿ?"

ಅವನು ಗಾಬರಿಯಾದ. "ಕೂಡ್ರಿ ಮೇಡಂ, ಕೂಡ್ರಿ" ಎಂದು ಒಂದು ಸ್ಟೂಲು ಎಳೆದ. ನಾನು ಕೂರಲಿಲ್ಲ.

"ಹೆಂಗೆ ಕರೀಲಿ ಮೇಡಂ? ಸೈರನ್ ಆದ ಕೂಡ್ಲೆ ಅವ್ರನ್ನ ನೀವೇ ಕರ್ಕಂಡು ಹೋಗ್ತೀರಿ. ಟೀನೂ ಅಲ್ಲಿಗೇ ಕಳಿಸ್ತೀರಿ."

ಅವನು ಎಳೆದಿಟ್ಟ ಸ್ಟೂಲಿನ ಮೇಲೆ ಕೂತೆ.

"ಮತ್ತೆ ನಮ್ಗೆಲ್ಲಾ ಎರಡು ತಾಸು ಕ್ಲಾಸ್ ತಗಂಡ್ರಿ. ಹೆಣ್ಣುಮಕ್ಕಳ ಹತ್ರ ಕೆಲ್ಸ ಇಲ್ದೆ ಮಾತಾಡ್ಬ್ಯಾಡ್ರಿ, ಒಂದು ಮಾರು ದೂರ ನಿಲ್ರಿ, ಕಂಪ್ಲೇಂಟ್ ಪೆಟ್ಟಿಗಿ ಇಟ್ಟೀವಿ ಅಂದ್ರಿ. ನನಗೂ ಎರಡು ಹೆಣ್ಣುಮಕ್ಕಳು ಅದಾವೆ. ನಿವೃತ್ತಿ ಟೈಮಿನಾಗೆ ಆ ಪೆಟ್ಟಿಗ್ಯಾಗೆ ನನ್ನ ಹೆಸರು ಬಿದ್ರೆ ಊರಾಗೆ ಹೆಂಗೆ ತಿರುಗ್ಲಿ?"

ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ನಮಗೂ ಅದೇ ಆರಾಮಾಗಿತ್ತು, ಸುಳ್ಳು ಯಾಕ ಹೇಳ್ಲಿ. ಬಾಯಿಗೆ ಬಂದಂಗೆ ಮಾತಾಡ್ಕಂಡು ಇದ್ವಿ" ಅಂದ.

ಎರಡು ವರ್ಷ! ಹೆಂಗಸರನ್ನು ಶಾಪಿನೊಳಗೆ ತರಲು ಎಲ್ಲರ ಜೊತೆ ಜಗಳಾಡಿದವಳು ನಾನು. ದಿನಾ ಅವರನ್ನು ಕಲಿಯುವ ಹೊತ್ತಿಗೆ ಸರಿಯಾಗಿ ಹೊರಗೆ ಕರೆದುಕೊಂಡು ಹೋಗಿ ಸೋಫಾದ ಮೇಲೆ ಕೂರಿಸಿದವಳೂ ನಾನೇ. ನನ್ನ ಮುಖಕ್ಕೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

ನೆರಳಿಗೆ ಹೋಗಿ ಹೆಂಗಸರನ್ನು ಮತ್ತೆ ಕೂಡಿಸಿ ಎಲ್ಲ ಹೇಳಿದೆ. "ಅವ್ರು ಬರೀ ಹರಟಿ ಹೊಡೀತಾರೆ ಅನ್ಕಂಡಿದ್ವಿ" ಎಂದಳು ಸುಷ್ಮಾ. ಅವಳ ಮುಖ ಕೆಂಪಾಗಿತ್ತು.

"ಇಷ್ಟು ದೂರ ನಡೆದು ಬರೋದು ಬೇಜಾರು ಅಂತ ಯಾರಾದರೂ ಒಬ್ಬರು ನನಗೆ ಹೇಳಬಾರದಿತ್ತಾ?"

ಎಲ್ಲರೂ ಓಬಕ್ಕನ ಕಡೆ ನೋಡಿದರು. "ನೀವು ಅಷ್ಟು ಆಸೆಪಟ್ಟು ಮಾಡ್ಸಿದ್ರಿ ಮೇಡಂ. ದಿನಾ ಬಂದು ಕೂಡ್ತಿದ್ರಿ. ನಾವು ಬರ್ಲಿಲ್ಲ ಅಂದ್ರೆ ನೀವು ನೊಂದ್ಕಂತೀರಿ ಅಂತ" ಅಂದಳು.

ಹಾಗಾದರೆ ಅವರು ಎರಡು ವರ್ಷ ನನಗೋಸ್ಕರ ಬಂದಿದ್ದಾರೆ. ಸಿಟ್ಟಿನಲ್ಲಿ, ನಾಳೆಯೇ ಈ ಕೊಠಡಿಗೆ ಬೀಗ ಜಡಿಸುತ್ತೇನೆ ಎಂದೆ.

"ಬೀಗ ಗೀಗ ಬ್ಯಾಡ್ರಿ!" ಎಂದು ಹರಿಹರದ ಖತೀಜಾಬೀ ಎದ್ದು ನಿಂತಳು. "ಮಧ್ಯಾಹ್ನ ನಮಾಜಿಗೆ ನನಗೆ ಇದೇ ಜಾಗ." ತಿಂಗಳಿಗೆ ಎರಡು ದಿನ ಕಾಲು ಚಾಚಿ ಮಲಗಲು ತನಗೆ ಇದು ಬೇಕೇಬೇಕು ಎಂದು ಓಬಕ್ಕ ಅಂದಳು. ಸುಷ್ಮಾ, "ರೂಮ್ ಇರ್ಲಿ ಮೇಡಂ. ಹತ್ತು ಗಂಟೆ ಮಾತ್ರ ಬ್ಯಾಡ" ಎಂದು ಮುಗಿಸಿದಳು. ಇಷ್ಟನ್ನು ನಾನು ಎರಡು ವರ್ಷದ ಹಿಂದೆಯೇ ಕೇಳಿ ತಿಳಿಯಬಹುದಿತ್ತು.

ಮರುದಿನ ಹತ್ತು ಗಂಟೆಗೆ ಹೆಂಗಸರೂ ಡ್ರಮ್ಮಿನ ಹತ್ತಿರ ಬಂದರು. ಆಹಾ, ಏನು ಕಳೆ! ಗಂಡಸರೆಲ್ಲ ಗಪ್‌ಚುಪ್. ಟೀ ಹೀರುವ ಸದ್ದು ಬಿಟ್ಟರೆ ಏನಿಲ್ಲ. ಸೀಮೆಸುಣ್ಣ ಜೇಬಿನಿಂದ ಹೊರಗೆ ಬರಲಿಲ್ಲ. ಸಿದ್ದು ಅಂತೂ ಮಂಡಕ್ಕಿಯನ್ನು ಒಂದೊಂದೇ ಕಾಳು ತಿನ್ನುತ್ತಿದ್ದ. ಎರಡನೇ ದಿನವೂ ಹಾಗೇ. ಯಾರೋ ಹಿಂದಿನಿಂದ, "ಇನ್ನು ನಾವು ಟೀ ಕುಡಿಯಾಕೂ ಪರ್ಮಿಷನ್ ತಗಬೇಕು" ಎಂದು ಗೊಣಗಿದರು. ಓಬಕ್ಕ ಮತ್ತೆ ಗೋಡೆಯ ಕಡೆ ಸರಿಯತೊಡಗಿದ್ದು ಕಂಡು ನನಗೆ ಭಯವಾಯಿತು.

ಮೂರನೇ ದಿನ ಸುಷ್ಮಾ ಲೋಟ ಕೆಳಗಿಟ್ಟು ಸೀದಾ ಡ್ರಮ್ಮಿನ ಮುಂದೆ ಹೋದಳು. "ಉಸ್ತಾದ್, ಇವತ್ತು ನಂದು. ಮೂರನೇ ನಂಬರ್ ಮೆಷಿನ್. ಪೀಸು ಒಂದು ಕಡಿ ದಪ್ಪ, ಒಂದು ಕಡಿ ಸಣ್ಣ ಬರ್ತೈತೆ. ಯಾಕ?"

ಸಣ್ಣಬೀರಪ್ಪ ನನ್ನ ಮುಖ ನೋಡಿದ. ನಾನು ಬೇಕಂತಲೇ ಬೇರೆ ಕಡೆ ನೋಡಿದೆ.

"ಯಾವ ಕಡಿ ದಪ್ಪ?" ಅಂದ ಕೊನೆಗೆ.

"ಹಿಂದ್ಲ ಕಡಿ."

"ಹಿಂದ್ಲ ಕಡೀನಾ?" ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಸೀಮೆಸುಣ್ಣ ಹೊರಗೆ ಬಂತು. ಐದು ನಿಮಿಷದಲ್ಲಿ ಸಿದ್ದು ಮತ್ತು ಸುಷ್ಮಾ ಡ್ರಮ್ಮಿನ ಮೇಲೆ ಬಾಗಿ ಒಬ್ಬರೊಡನೊಬ್ಬರು ವಾದ ಮಾಡುತ್ತಿದ್ದರು. ಆ ಹದಿನೈದು ನಿಮಿಷದ ಅರ್ಧ ಮಾತು ನನಗೆ ಅರ್ಥವಾಗಲಿಲ್ಲ, ಆದರೂ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ಹತ್ತೊಂಬತ್ತರ ಸಂಜೆ ರವಿಚಂದ್ರ ಕರೆಸಿದರು. "ನಾಳೆ ಒಂದೇ ಒಂದಿನ ಮೇಡಂ. ಹೆಣ್ಣುಮಕ್ಕಳನ್ನ ಹತ್ತು ಗಂಟೆಗೆ ರೂಮಿನಾಗೆ ಕೂಡ್ಸಿ. ಫೋಟೋ ತೆಗೀತಾರೆ, ಹೋಗ್ತಾರೆ. ಪ್ರಶಸ್ತಿ ಬರೋ ಟೈಮಿನಾಗೆ ನೀವೇ ಯಾಕ ಕೆದಕ್ತೀರಿ?"

ನಾನು "ಆಯ್ತು ಸರ್" ಅಂದೆ. ಹೌದು, ಅಂದೆ. ಪ್ರಶಸ್ತಿ ಯಾರಿಗೆ ಬೇಡ? ಮನೆಗೆ ಬಂದು ಗುರುಮೂರ್ತಿಯವರಿಗೆ ಹೇಳಿದಾಗ ಅವರು ಅವರೆಕಾಯಿ ಸುಲಿಯುತ್ತಾ, "ಹದಿನೈದು ನಿಮಿಷ ತಾನೆ" ಅಂದರು. "ಆ ಹದಿನೈದು ನಿಮಿಷದಾಗೇ ಎಲ್ಲಾ ಐತ್ರಿ" ಎಂದು ಅವರ ಮೇಲೆ ರೇಗಿದೆ. ಪಾಪ, ಅವರೇನು ಮಾಡಿದ್ದರು.

ಇಪ್ಪತ್ತನೇ ತಾರೀಖು ಹತ್ತಕ್ಕೆ ಐದು ನಿಮಿಷವಿದ್ದಾಗ ಸುಷ್ಮಾ ನನ್ನ ಬಳಿ ಓಡಿಬಂದಳು. ಹತ್ತೂವರೆಗೆ ಅವಳ ಪರೀಕ್ಷೆ. ಮುಖದಲ್ಲಿ ರಕ್ತವಿರಲಿಲ್ಲ.

"ಮೇಡಂ, ಎಲ್ಲರೂ ರೂಮಿಗೆ ಬರ್ಬೇಕಂತೆ. ಪರೀಕ್ಷೆಗೆ ಮೊದ್ಲು ಒಂದ್ಸಲ ಡ್ರಮ್ ಹತ್ರ ಬಾ ಅಂದಿದ್ರು ಉಸ್ತಾದ್. ನಾನು ಎಲ್ಲಿಗೆ ಹೋಗ್ಲಿ?"

"ಡ್ರಮ್ ಹತ್ರ ಹೋಗು" ಅಂದೆ. "ಎಲ್ಲರಿಗೂ ಹೇಳು, ಡ್ರಮ್ ಹತ್ರಾನೇ."

ಮುಖ್ಯ ಕಚೇರಿಯಿಂದ ಬಂದ ಮೇಡಂ, ಕ್ಯಾಮೆರಾ ಹಿಡಿದ ಒಬ್ಬ, ರವಿಚಂದ್ರ, ನಾನು, ನಾಲ್ವರೂ ನೆರಳಿಗೆ ಹೋದೆವು. ಖಾಲಿ ಸೋಫಾಗಳು, ತಿರುಗುವ ಫ್ಯಾನು, ಯಾರೂ ಮುಟ್ಟದ ಫ್ಲಾಸ್ಕು.

"ಚೆನ್ನಾಗಿದೆ. ಎಲ್ಲಿ ಎಲ್ಲರೂ?" ಎಂದರು ಆ ಮೇಡಂ.

ರವಿಚಂದ್ರ ನನ್ನನ್ನು ನೋಡಿದ ನೋಟಕ್ಕೆ ನಾನು ಸುಟ್ಟು ಬೂದಿಯಾಗಬೇಕಿತ್ತು. "ಕೊಠಡಿ ಒಳ್ಳೆಯದೇ. ಆದರೆ ಹತ್ತು ಗಂಟೆಗೆ ಅವರನ್ನು ಇಲ್ಲಿ ಕೂರಿಸಿದ್ದು ನನ್ನ ತಪ್ಪು" ಎಂದೆ. ಅಲ್ಲೇ ನಿಂತು ಡ್ರಮ್ಮಿನ ಕಥೆಯೆಲ್ಲ ಹೇಳಿದೆ. "ಈಗ ಒಂದು ಪರೀಕ್ಷೆ ಇದೆ, ಬನ್ನಿ" ಎಂದು ಅವರನ್ನು ಶಾಪಿಗೆ ಕರೆದೊಯ್ದೆ.

ಸುಷ್ಮಾ ಆಗಲೇ ಶುರುಮಾಡಿದ್ದಳು. ಮೊದಲ ಪೀಸು ತೆಗೆದು ಅಳೆದಳು, ಸರಿ. ಎರಡನೆಯದೂ ಸರಿ. ಯಾಕೋ ಮೊದಲನೆಯದನ್ನು ಮತ್ತೆ ಎತ್ತಿ ಅಳೆದಳು. ಹುಬ್ಬು ಗಂಟಾಯಿತು. ಆಗ ಸರಿಯಿದ್ದ ಪೀಸು ಈಗ ಸಣ್ಣಗಾಗಿತ್ತು! ಮೆಷಿನ್ ನಿಲ್ಲಿಸಿದಳು. ಚಕ್ಕಿನ ಹಲ್ಲು ಬಿಚ್ಚಿ ನೋಡಿದಳು, ಚೂರು ಇಲ್ಲ. ಟೂಲು ಅಲುಗಿಸಿದಳು, ಗಟ್ಟಿಯಿದೆ. ಹದಿನೈದು ನಿಮಿಷ ಹೋಯಿತು. ದೂರದಲ್ಲಿ ನಿಂತ ಸಣ್ಣಬೀರಪ್ಪನ ಮುಖವೂ ಸಪ್ಪಗಾಗಿತ್ತು. "ಇದು ಡ್ರಮ್ ಮ್ಯಾಲೆ ಬಂದಿಲ್ಲ ಮೇಡಂ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಸುಷ್ಮಾ ಇನ್ನೊಂದು ಪೀಸು ಓಡಿಸಿದಳು. ಈ ಸಲ ಕೈಗವಸು ಕಳಚಿ ಬರಿಗೈಯಲ್ಲಿ ಹಿಡಿದಳು. "ಸ್ಸ್" ಎಂದು ಕೈ ಝಾಡಿಸಿದಳು. ಪೀಸು ಸುಡುತ್ತಿತ್ತು. ಒಂದು ಕ್ಷಣ ಹಾಗೇ ನಿಂತವಳು, ಬಗ್ಗಿ ಮೆಷಿನ್ನಿನ ಒಳಗೆ ತಲೆ ಹಾಕಿದಳು. ಕೊರೆಯುವಾಗ ಪೀಸಿನ ಮೇಲೆ ತಣ್ಣಗಿನ ನೀರು ಸುರಿಯುವ ನಳಿಕೆ ಬೆರಳಗಲ ಪಕ್ಕಕ್ಕೆ ತಿರುಗಿತ್ತು. ನೀರು ಬೀಳುತ್ತಿತ್ತು, ಪೀಸಿನ ಮೇಲಲ್ಲ. ಕಾದ ಕಬ್ಬಿಣ ಹಿಗ್ಗಿ ಅಳತೆಗೆ ಸರಿ ಅನ್ನಿಸುತ್ತಿತ್ತು, ಆರಿದ ಮೇಲೆ ಕುಗ್ಗುತ್ತಿತ್ತು. ಅವಳು ನಳಿಕೆ ತಿರುಗಿಸಿದಳು, ಅಳತೆ ಮತ್ತೆ ಕೂರಿಸಿದಳು. ಮೂವತ್ತೆಂಟನೇ ನಿಮಿಷಕ್ಕೆ ಹತ್ತನೇ ಪೀಸು ಮೇಜಿನ ಮೇಲಿತ್ತು.

ಪರೀಕ್ಷಕರು ಹತ್ತನ್ನೂ ಎರಡೆರಡು ಸಲ ಅಳೆದು, ಹಾಳೆಗೆ ಸಹಿ ಹಾಕಿ, "ಪಾಸ್" ಅಂದರು. ಓಬಕ್ಕ ಶಿಳ್ಳೆ ಹೊಡೆದಳು! ಆಕೆಗೆ ಶಿಳ್ಳೆ ಬರುತ್ತದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಸುಷ್ಮಾ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು.

ಮುಖ್ಯ ಕಚೇರಿಯ ಮೇಡಂ ಹೊರಡುವಾಗ, "ಉಳಿದ ಐದು ಕಾರ್ಖಾನೆಗಳಲ್ಲಿ ಹತ್ತು ಗಂಟೆಗೆ ಏನು ನಡೆಯುತ್ತೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಪ್ರಶಸ್ತಿ ನಮಗೆ ಬರಲಿಲ್ಲ. ರವಿಚಂದ್ರ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು.

ಪರೀಕ್ಷೆಯ ಮರುದಿನ ಹತ್ತು ಗಂಟೆಗೆ ಡ್ರಮ್ಮಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಸಣ್ಣಬೀರಪ್ಪ ಜೇಬಿನಿಂದ ಸೀಮೆಸುಣ್ಣ ತೆಗೆದು, ಎಂದಿನ ಹಾಗೆ "ಇವತ್ತು ಯಾರ್ದಪಾ?" ಎಂದು ಕೇಳಿದ. ಯಾರೂ ಕೈ ಎತ್ತಲಿಲ್ಲ. ಅವನು ಸುಷ್ಮಾಳ ಕಡೆ ತಿರುಗಿದ.

"ಮೂವತ್ತೈದು ವರ್ಷದಾಗೆ ನಾನು ಇದನ್ನ ಇವ್ರಿಗೆ ಹೇಳಿರ್ಲಿಲ್ಲ. ಹೆಂಗೆ ಹಿಡಿದಿ, ತೋರ್ಸವ್ವ" ಎಂದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟ.

ಅವಳು ಬಗ್ಗಿ ಬರೆಯತೊಡಗಿದಳು. ಯೋಗರಾಜ, ಸಿದ್ದು, ಓಬಕ್ಕ, ಖತೀಜಾಬೀ ಎಲ್ಲರ ತಲೆಗಳೂ ಡ್ರಮ್ಮಿನ ಮೇಲೆ ಬಾಗಿದವು. ಹಿಂದೆ ನಿಂತ ನನಗೆ ಬರೀ ಬೆನ್ನುಗಳೇ ಕಾಣುತ್ತಿದ್ದವು.

"ಸ್ವಲ್ಪ ಸರೀರಿ" ಎಂದು ಇಬ್ಬರ ನಡುವೆ ತಲೆ ತೂರಿಸಿದೆ. "ನನಗೂ ಕಾಣ್ಲಿ."